ಉಳಿಯುವ ಇರಾದೆ

ಕೆನಡಾ ಎಂಬ ಒಕ್ಕೂಟವನ್ನು ಹುಟ್ಟುಹಾಕಿದ 1867ರ ಕಾಯ್ದೆಯಲ್ಲಿ 95ನೇ ಕಲಮು ಒಂದಿದೆ. ಬೇಸಾಯ ಮತ್ತು ವಲಸೆ, ಈ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿಹಾಕಿರುವ ಕಲಮು ಅದು. ಇವುಗಳ ಬಗ್ಗೆ ಕೇಂದ್ರವೂ ಕಾನೂನು ಮಾಡಬಹುದು, ಪ್ರಾಂತ್ಯಗಳೂ ಮಾಡಬಹುದು; ಎರಡಕ್ಕೂ ತಾಳೆಯಾಗದಿದ್ದರೆ ಕೇಂದ್ರದ ಮಾತೇ ನಡೆಯುತ್ತದೆ. ಮೊದಲ ಸಲ ಓದಿದಾಗ ನನಗೆ ನಗು ಬಂತು. ಗದ್ದೆಗೂ ವೀಸಾಕ್ಕೂ ಎತ್ತಣಿಂದೆತ್ತ ಸಂಬಂಧ? ಆಮೇಲೆ ಹೊಳೆಯಿತು. ಅಂದಿನ ಕೆನಡಾಕ್ಕೆ ವಲಸೆ ಎಂದರೆ ಉಳುವುದಕ್ಕೆ ಜನ. ಮೂಲನಿವಾಸಿಗಳು ಬಾಳುತ್ತಿದ್ದ ನೆಲವನ್ನೇ ಖಾಲಿ ಎಂದು ಲೆಕ್ಕ ಹಾಕಿ, ಅಲ್ಲಿ ಹೊರಗಿನವರನ್ನು ತಂದು ಕೂರಿಸುವುದೇ ಅಂದಿನ ಯೋಜನೆ. ಈಗ ಉಳುವವರ ಜಾಗಕ್ಕೆ ನರ್ಸು, ವೆಲ್ಡರ್, ಲಾರಿ ಚಾಲಕ, ಸಾಫ್ಟ್‌ವೇರ್ ಎಂಜಿನಿಯರ್, ಅಂಗಡಿ ತೆರೆಯುವ ಉದ್ಯಮಿ ಬಂದಿದ್ದಾರೆ. ಕೇಳುವ ಪ್ರಶ್ನೆ ಮಾತ್ರ ಬದಲಾಗಿಲ್ಲ: ಈ ನೆಲದಲ್ಲಿ ಬೇರು ಬಿಡುತ್ತೀಯಾ?

ಆ ಪ್ರಶ್ನೆಗೆ ಉತ್ತರ ಬರೆಯುವ ಸರದಿ ಈಗ ನನ್ನದು. ನಾನಿರುವುದು ಸೇಂಟ್ ಜಾನ್ಸ್‌ನಲ್ಲಿ. ಕೆನಡಾದ ಭೂಪಟದಲ್ಲಿ ಪೂರ್ವದ ತುತ್ತತುದಿಗೆ, ಅಟ್ಲಾಂಟಿಕ್‌ಗೆ ಮೂಗು ಚಾಚಿ ನಿಂತಿರುವ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಊರು. ಇಲ್ಲಿನ ಗಡಿಯಾರಕ್ಕೂ ನಮ್ಮದರಂತೆ ಅರ್ಧ ಗಂಟೆಯ ಬಾಲವಿದೆ. ಹಾಗಾಗಿ ಚಳಿಗಾಲದಲ್ಲಿ ನಮಗೂ ಊರಿಗೂ ಸರಿಯಾಗಿ ಒಂಬತ್ತು ಗಂಟೆಯ ಅಂತರ. ಸಮುದ್ರದ ಪಾಚಿಯ ಮೇಲೆ ಪಿಎಚ್.ಡಿ. ಮಾಡುತ್ತಾ ಐದನೇ ವರ್ಷ ನಡೆಯುತ್ತಿದೆ. ವಯಸ್ಸು ಇಪ್ಪತ್ತೊಂಬತ್ತು. ಥೀಸಿಸ್ ಮುಗಿದರೆ ಕೆಲಸ ಕೊಡುತ್ತೇವೆ ಎಂದು ಇಲ್ಲಿನದೇ ಒಂದು ಪುಟ್ಟ ಪ್ರಯೋಗಾಲಯ ಹೇಳಿದೆ. ಆ ಕೆಲಸದ ಬಲದ ಮೇಲೆ ಪ್ರಾಂತ್ಯ ನನ್ನನ್ನು ನಾಮನಿರ್ದೇಶನ ಮಾಡಿದರೆ, ಶಾಶ್ವತ ನಿವಾಸಕ್ಕೆ, ಅಂದರೆ ಎಲ್ಲರ ಬಾಯಲ್ಲಿರುವ ಪಿಆರ್‌ಗೆ ಅರ್ಜಿ ಹಾಕಬಹುದು. ಅದಕ್ಕೆ ಮುಂಚೆ, ಈ ಪ್ರಾಂತ್ಯದಲ್ಲೇ ನೆಲೆಸುವ ಇರಾದೆ ನನಗಿದೆ ಎಂದು ಬರೆದು ಮನವರಿಕೆ ಮಾಡಿಕೊಡಬೇಕು. ನಾಲ್ಕು ವಾರಗಳಿಂದ ನಾನು ಥೀಸಿಸ್‌ನ ಅಧ್ಯಾಯ ಬರೆದದ್ದಕ್ಕಿಂತ ಈ ಒಂದು ಪುಟವನ್ನು ಹೊಡೆದುಹಾಕಿದ್ದೇ ಹೆಚ್ಚು.

ಈ ದಾರಿಯ ಬಗ್ಗೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರ ಹೇಳುತ್ತೇನೆ. ವಲಸೆ ಬರುವವರಿಗೆ ವಿದ್ಯೆ, ಭಾಷೆ, ವಯಸ್ಸಿನ ಮೇಲೆ ಅಂಕ ಕೊಡುವ ಪದ್ಧತಿಯನ್ನು ಕೆನಡಾ ಶುರುಮಾಡಿದ್ದು 1967ರಲ್ಲಿ. ಹುಟ್ಟಿದ ದೇಶ, ಬಣ್ಣ ನೋಡಿ ಆರಿಸುತ್ತಿದ್ದ ಕಾಲಕ್ಕೆ ಹೋಲಿಸಿದರೆ ಅದು ದೊಡ್ಡ ಸುಧಾರಣೆಯೇ. ಆದರೆ ಬಂದವರಲ್ಲಿ ಬಹುಪಾಲು ಜನ ಟೊರಾಂಟೊ, ಮಾಂಟ್ರಿಯಲ್, ವ್ಯಾಂಕೂವರ್ ಈ ಮೂರು ಊರುಗಳಿಗೆ ಹೋಗಿ ಸೇರಿಕೊಂಡರು. ಮಿಕ್ಕ ಪ್ರಾಂತ್ಯಗಳು ನಮಗೂ ಜನ ಬೇಕು, ನಮಗೆ ಬೇಕಾದವರನ್ನು ನಾವೇ ಆರಿಸುತ್ತೇವೆ ಎಂದು ಪಟ್ಟು ಹಿಡಿದವು. ಕ್ವಿಬೆಕ್ 1991ರ ಒಪ್ಪಂದದಿಂದ ತನ್ನದೇ ಪ್ರತ್ಯೇಕ ವ್ಯವಸ್ಥೆ ಮಾಡಿಕೊಂಡಿತ್ತು. ಇತರರಿಗಾಗಿ 1998ರಲ್ಲಿ ಪ್ರಾಂತೀಯ ನಾಮನಿರ್ದೇಶನ ಯೋಜನೆ ಆರಂಭವಾಯಿತು. ಇಂದು ಕ್ವಿಬೆಕ್ ಮತ್ತು ನುನಾವುಟ್ ಬಿಟ್ಟು ಎಲ್ಲ ಪ್ರಾಂತ್ಯ, ಪ್ರದೇಶಗಳೂ ಅದರಲ್ಲಿವೆ. 2015ರಲ್ಲಿ ಬಂದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಟ್ಟು 1,200 ಅಂಕ. ಪ್ರಾಂತ್ಯವೊಂದು ನಾಮನಿರ್ದೇಶನ ಮಾಡಿದರೆ ಅದೊಂದಕ್ಕೇ 600. ಡಾಕ್ಟರೇಟ್‌ಗೆ ಸಿಗುವುದು ಹೆಚ್ಚೆಂದರೆ 150. ಅಂದರೆ ಐದಾರು ವರ್ಷ ಪ್ರಯೋಗಾಲಯದಲ್ಲಿ ಕಣ್ಣು ಹಾಳುಮಾಡಿಕೊಂಡದ್ದಕ್ಕಿಂತ, 'ಈಕೆ ನಮಗೆ ಬೇಕು' ಎಂದು ಒಂದು ಪ್ರಾಂತ್ಯ ಹೇಳುವ ಮಾತಿಗೆ ನಾಲ್ಕು ಪಟ್ಟು ಬೆಲೆ. ವಯಸ್ಸಿನ ಅಂಕ ಇಪ್ಪತ್ತೊಂಬತ್ತರವರೆಗೆ ಪೂರ್ತಿ. ಮೂವತ್ತು ತುಂಬಿದರೆ ವರ್ಷಕ್ಕೆ ಐದೋ ಆರೋ ಕಡಿತ. ಸಂಶೋಧಕರಿಗೆ ಡಿಗ್ರಿ ಕೈಗೆ ಬರುವ ಹೊತ್ತಿಗೇ ಅಂಕ ಕರಗಲು ಶುರುವಾಗುತ್ತದೆ.

ಇದಲ್ಲದೆ ಸಾಗರದ ದಂಡೆಯ ನಾಲ್ಕು ಪ್ರಾಂತ್ಯಗಳಿಗೆಂದು 2017ರಲ್ಲಿ ಅಟ್ಲಾಂಟಿಕ್ ವಲಸೆ ಯೋಜನೆಯನ್ನು ಪ್ರಯೋಗವಾಗಿ ಶುರುಮಾಡಿ, 2022ರಲ್ಲಿ ಕಾಯಂ ಮಾಡಿದರು. ಇದರಲ್ಲಿ ಸರ್ಕಾರದ ಮಾನ್ಯತೆ ಪಡೆದ ಮಾಲೀಕರೊಬ್ಬರು ಕೆಲಸ ಕೊಡಬೇಕು. ಜೊತೆಗೆ ಮನೆ, ಶಾಲೆ, ಭಾಷೆ ಎಲ್ಲದರ ಲೆಕ್ಕ ಹಾಕಿದ ನೆಲೆಸುವ ಯೋಜನೆಯೊಂದು ಅರ್ಜಿದಾರರ ಕೈಯಲ್ಲಿರಬೇಕು. 2019ರಲ್ಲಿ ಥಂಡರ್ ಬೇ, ಸಡ್‌ಬರಿ, ಬ್ರ್ಯಾಂಡನ್, ಮೂಸ್ ಜಾ ಮುಂತಾದ ಹನ್ನೊಂದು ಊರುಗಳಿಗೆ, ತಮಗೆ ಬೇಕಾದ ವಲಸಿಗರನ್ನು ತಾವೇ ಶಿಫಾರಸು ಮಾಡುವ ಅವಕಾಶ ಸಿಕ್ಕಿತು. ಪ್ರಾಂತ್ಯಕ್ಕಿಂತ ಕೆಳಗಿಳಿದು ಊರೇ ಜನರನ್ನು ಆರಿಸುವ ಏರ್ಪಾಡು ಅದು. ನಮ್ಮ ಸಾಗರವೋ ಸೊರಬವೋ ತನಗೆ ಬೇಕಾದ ಡಾಕ್ಟರನ್ನೂ ಬಡಗಿಯನ್ನೂ ಪರದೇಶದಿಂದ ಆರಿಸಿಕೊಂಡಂತೆ.

ಇಷ್ಟೆಲ್ಲ ಇದ್ದರೂ ಈ ಕಟ್ಟಡದ ಬುಡದಲ್ಲಿ ಒಂದು ಬಿರುಕಿದೆ. 2002ರ ವಲಸೆ ನಿಯಮಾವಳಿಯ 87ನೇ ನಿಯಮದ ಪ್ರಕಾರ, ನಾಮನಿರ್ದೇಶನ ಪಡೆದವರಿಗೆ ಅದೇ ಪ್ರಾಂತ್ಯದಲ್ಲಿ ವಾಸಿಸುವ ಇರಾದೆ ಇರಬೇಕು. ಆದರೆ 1982ರ ಹಕ್ಕುಗಳ ಸನ್ನದಿನ 6ನೇ ಕಲಮು, ಪೌರರಿಗಷ್ಟೇ ಅಲ್ಲ, ಶಾಶ್ವತ ನಿವಾಸಿಗಳಿಗೂ ದೇಶದ ಯಾವ ಪ್ರಾಂತ್ಯಕ್ಕಾದರೂ ಹೋಗಿ ನೆಲೆಸುವ, ಅಲ್ಲಿ ಜೀವನೋಪಾಯ ಹುಡುಕುವ ಹಕ್ಕು ಕೊಡುತ್ತದೆ. ಕಾರ್ಡು ಬರುವವರೆಗೆ ಇರಾದೆ, ಕಾರ್ಡು ಬಂದ ಮೇಲೆ ಹಕ್ಕು. ಹಾಗಾಗಿ ಟೊರಾಂಟೊದ ಗೆಳೆಯರು ನನಗೆ ಕೊಡುವ ಸಲಹೆ ಸರಳ. "ಬರ್ದ್ ಹಾಕು ಮಾರಾಯ್ತಿ, ಪಿಆರ್ ಬರ್ತಿದ್ದಂಗೆ ಗಂಟುಮೂಟೆ ಕಟ್ಕೊಂಡು ಇಲ್ಲಿಗೆ ಬಾ." ಹಾಗೆ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಮೊದಲಿನಿಂದಲೂ ಇಲ್ಲದ ಇರಾದೆಯನ್ನು ಇದೆಯೆಂದು ಬರೆದರೆ ಅದು ಸುಳ್ಳು ಮಾಹಿತಿ. ಸಾಬೀತಾದರೆ ಐದು ವರ್ಷ ದೇಶದ ಬಾಗಿಲು ಮುಚ್ಚುತ್ತದೆ. ಆದರೆ ಮನಸ್ಸಿನೊಳಗಿದ್ದದ್ದನ್ನು ಸಾಬೀತುಪಡಿಸುವವರು ಯಾರು? ನನ್ನನ್ನು ಕಾಡುತ್ತಿರುವುದು ಸಿಕ್ಕಿಬೀಳುವ ಭಯವಲ್ಲ. ಇರಾದೆ ಎಂದರೇನು ಎಂಬುದೇ ಪ್ರಶ್ನೆ.

ಈ ಬಿರುಕನ್ನು ಮುಚ್ಚಲು ಬೇರೆ ಬೇರೆಯವರು ಬೇರೆ ಬೇರೆ ಗಾರೆ ಹಚ್ಚಿದ್ದಾರೆ. ಮ್ಯಾನಿಟೋಬಾ ಸಂಬಂಧಗಳನ್ನು ನೋಡುತ್ತದೆ. ಅಲ್ಲಿ ನೆಂಟರಿದ್ದಾರೆಯೇ, ಓದಿದ್ದೀರಾ, ಕೆಲಸ ಮಾಡಿದ್ದೀರಾ ಎಂದು ಕೇಳಿ ಅಂಕ ಕೊಡುತ್ತದೆ. ಬೇರೆ ಪ್ರಾಂತ್ಯದಲ್ಲಿ ಓದಿದ್ದರೆ, ದುಡಿದಿದ್ದರೆ ಅಂಕ ಕಳೆಯುತ್ತದೆ. ಪ್ರಿನ್ಸ್ ಎಡ್ವರ್ಡ್ ದ್ವೀಪ ಉದ್ಯಮಿಗಳಿಂದ ಎರಡು ಲಕ್ಷ ಡಾಲರ್ ಠೇವಣಿ ಇಡಿಸಿಕೊಂಡು ಮೊದಲೇ ಪಿಆರ್‌ಗೆ ದಾರಿಮಾಡುತ್ತಿತ್ತು. ದ್ವೀಪದಲ್ಲಿ ನೆಲೆಸಿ, ಒಂದು ವರ್ಷ ವ್ಯಾಪಾರ ನಡೆಸಿ ತೋರಿಸಿದರೆ ಹಣ ವಾಪಸು. ಬಹಳಷ್ಟು ಮಂದಿ ಹಣ ಹೋದರೆ ಹೋಗಲಿ ಎಂದು ಬಿಟ್ಟು ದೊಡ್ಡ ಊರಿನ ದಾರಿ ಹಿಡಿದರು. ಸರ್ಕಾರದ ಖಜಾನೆಗೆ ದುಡ್ಡು ಬಂತು, ದ್ವೀಪಕ್ಕೆ ಜನ ಬರಲಿಲ್ಲ. 2018ರಲ್ಲಿ ಆ ಠೇವಣಿಯ ದಾರಿಯನ್ನು ಮುಚ್ಚಿದರು. ಉಳಿಯುವ ಮನಸ್ಸನ್ನು ಒತ್ತೆ ಇಟ್ಟುಕೊಳ್ಳಲು ಹೋದರೆ ಕೊನೆಗೆ ಕೈಯಲ್ಲುಳಿಯುವುದು ಒತ್ತೆಯ ದುಡ್ಡು ಮಾತ್ರ.

ಆಸ್ಟ್ರೇಲಿಯಾ ಇದಕ್ಕಿಂತ ಬಿಗಿ. ಅಲ್ಲಿ 2019ರ ನವೆಂಬರಿನಲ್ಲಿ ಬಂದ 491 ಎಂಬ ವೀಸಾ ಐದು ವರ್ಷದ ತಾತ್ಕಾಲಿಕ ವೀಸಾ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದ ಕಡೆಯಲ್ಲೇ ಇರಬೇಕು, ದುಡಿಯಬೇಕು, ಓದಬೇಕು. ಮೂರು ವರ್ಷ ಹಾಗೆ ಕಳೆದು, ಆದಾಯ ತೆರಿಗೆಯ ಕಾಗದ ತೋರಿಸಿದರೆ 191 ಎಂಬ ಶಾಶ್ವತ ವೀಸಾಕ್ಕೆ ಅರ್ಜಿ. ಕೆನಡಾ ಮೊದಲು ನಂಬಿ ಆಮೇಲೆ ಪರಿತಪಿಸುತ್ತದೆ. ಆಸ್ಟ್ರೇಲಿಯಾ ಮೊದಲು ಪರೀಕ್ಷಿಸಿ ಆಮೇಲೆ ನಂಬುತ್ತದೆ. ಯಾವುದು ಸರಿ ಎಂದು ಕೇಳಿದರೆ, ನನಗೆ ಎರಡರಲ್ಲೂ ಒಂದೇ ಕೊರತೆ ಕಾಣುತ್ತದೆ. ಎರಡೂ ಬರುವವರ ಮನಸ್ಸನ್ನು ಮಾತ್ರ ತೂಗುತ್ತವೆ.

ಇದು ನನಗೆ ಅರ್ಥವಾಗಿದ್ದು ನ್ಯೂಫೌಂಡ್‌ಲ್ಯಾಂಡ್‌ನ ಚರಿತ್ರೆಯಿಂದ. ಇಲ್ಲಿ ಹೊರಗಿನಿಂದ ಬಂದವರನ್ನು 'ಕಮ್ ಫ್ರಮ್ ಅವೇ' ಅನ್ನುತ್ತಾರೆ, ದೂರದಿಂದ ಬಂದವರು ಎಂಬ ಅರ್ಥದಲ್ಲಿ. ಆದರೆ ಈ ದ್ವೀಪದ ಕಥೆ ಬಂದವರಿಗಿಂತ ಹೋದವರದ್ದೇ ಹೆಚ್ಚು. 1992ರ ಜುಲೈ 2ರಂದು ಸರ್ಕಾರ ಕಾಡ್ ಮೀನು ಹಿಡಿಯುವುದನ್ನು ನಿಲ್ಲಿಸಿತು. ಕಡಲಿನಲ್ಲಿ ಮೀನೇ ಉಳಿದಿರಲಿಲ್ಲ. ಸುಮಾರು 30,000 ಜನರ ಕಸುಬು ಒಂದೇ ದಿನಕ್ಕೆ ನಿಂತುಹೋಯಿತು. ಜನ ಆಲ್ಬರ್ಟಾದ ತೈಲದ ಊರುಗಳಿಗೆ ಗುಳೆ ಹೋದರು. 1991ರ ಜನಗಣತಿಯಲ್ಲಿ 5,68,474 ಇದ್ದ ಪ್ರಾಂತ್ಯದ ಜನಸಂಖ್ಯೆ 2006ರ ಹೊತ್ತಿಗೆ 5,05,469ಕ್ಕೆ ಇಳಿಯಿತು. ತನ್ನ ಮಕ್ಕಳನ್ನೇ ಉಳಿಸಿಕೊಳ್ಳಲಾಗದ ಪ್ರಾಂತ್ಯ ಈಗ ಪರರ ಮಕ್ಕಳನ್ನು 'ಉಳಿಯುತ್ತೀಯಾ' ಎಂದು ಕೇಳುತ್ತಿದೆ. ವ್ಯಂಗ್ಯವಾಗಿ ಹೇಳುತ್ತಿಲ್ಲ. ಹಾಗೆ ಕೇಳುವವರ ದನಿಯಲ್ಲಿ ನೋವಿದೆ ಎಂದು ಹೇಳುತ್ತಿದ್ದೇನೆ.

ನಾನು ಬಾಡಿಗೆಗಿರುವ ಮನೆಯ ಒಡತಿಗೆ ಎಪ್ಪತ್ತು ದಾಟಿದೆ. ಅವರು ಹುಟ್ಟಿದ್ದು ದಕ್ಷಿಣ ತೀರದ ಒಂದು ಸಣ್ಣ ಬೆಸ್ತರ ಕೇರಿಯಲ್ಲಿ. ಅದು ಈಗ ಇಲ್ಲ. 1954ರಿಂದ 1975ರವರೆಗೆ ಸರ್ಕಾರ ಇಂಥ ಸುಮಾರು 300 ಕರಾವಳಿ ಹಳ್ಳಿಗಳ ಸುಮಾರು 30,000 ಜನರನ್ನು, ಶಾಲೆ ಆಸ್ಪತ್ರೆ ಇರುವ ದೊಡ್ಡ ಊರುಗಳಿಗೆ ಸಾಗಿಸಿತು. ಕೆಲವರು ತಮ್ಮ ಮರದ ಮನೆಗಳನ್ನೇ ಕಿತ್ತು, ಕೊಲ್ಲಿಯ ನೀರಿನ ಮೇಲೆ ತೇಲಿಸಿ, ದೋಣಿಗಳಿಂದ ಎಳೆದುಕೊಂಡು ಹೋದರು. ಮನೆಯೊಡತಿಯ ಅಪ್ಪನೂ ಹಾಗೇ ಮಾಡಿದವರು. "ಅಪ್ಪ ಆಮೇಲೆ ಮೂವತ್ತು ವರ್ಷ ಬದುಕಿದ್ರು. ಆದರೆ ಆ ಮನೆಗೆ ಹೊಸ ಊರಿನ ಕಡೆ ಕಿಟಕಿ ಇಡಿಸಲೇ ಇಲ್ಲ" ಎಂದು ಅವರು ಒಮ್ಮೆ ಹೇಳಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ನನ್ನ ಅಜ್ಜನೂ ಮುಳುಗಡೆಯವರು. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಸಾಗರ, ಹೊಸನಗರ ತಾಲ್ಲೂಕಿನ ಹಳ್ಳಿಗಳು, ಗದ್ದೆ ತೋಟಗಳು ನೀರಿನಡಿ ಹೋದವು. ಅಜ್ಜನ ಮನೆಯೂ ಹೋಯಿತು. ಮರದ ಮನೆಯಾಗಿದ್ದರೆ ತೇಲಿಸಬಹುದಿತ್ತೇನೋ. ಅವರದು ಮಣ್ಣಿನ ಗೋಡೆ. ಲಾರಿಯಲ್ಲಿ ದನಕರು, ಪಾತ್ರೆಪಗಡೆ, ಬಾಗಿಲಿನ ಚೌಕಟ್ಟು ಹೇರಿಕೊಂಡು ಕಾಡಿನ ಅಂಚಿನ ಒಂದು ಜಾಗದಲ್ಲಿ ಇಳಿದರು. ಕಾಡು ಕಡಿದು ಗದ್ದೆ ಮಾಡಿದರು, ಅಡಿಕೆ ನೆಟ್ಟರು. ಬಿಟ್ಟು ಹೋಗಿ ಎಂದಾಗ ಬಿಟ್ಟರು, ಇಲ್ಲಿರಿ ಎಂದಾಗ ಇದ್ದರು. ಅಜ್ಜ ತೀರಿಕೊಳ್ಳುವವರೆಗೂ ಆ ಭೂಮಿಯ ಹಕ್ಕುಪತ್ರ ಕೈಗೆ ಬರಲಿಲ್ಲ. ದಾಖಲೆಯಲ್ಲಿ ಅದು ಅರಣ್ಯ. ಐವತ್ತು ವರ್ಷ ಉತ್ತು ಬಿತ್ತಿದರೂ ಅಕ್ಕಪಕ್ಕದವರಿಗೆ ಅವರು 'ಮುಳುಗಡೆಯವರು', ಕಾಗದದಲ್ಲಿ ಒತ್ತುವರಿದಾರರು. ಶರಾವತಿ ಮುಳುಗಡೆಯ ಸಾವಿರಾರು ಕುಟುಂಬಗಳ ಹಕ್ಕಿನ ಪ್ರಶ್ನೆ ಇವತ್ತಿಗೂ ಬಗೆಹರಿದಿಲ್ಲ ಎನ್ನುವುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ನೀರಿನಿಂದ ಹುಟ್ಟಿದ ಕರೆಂಟಿನಲ್ಲಿ ನಾಡಿನ ದೀಪಗಳು ಉರಿದವು.

ಶಾಶ್ವತ ನಿವಾಸ ಎಂಬ ಪದ ಕೇಳಿದಾಗಲೆಲ್ಲ ನನಗೆ ಅಜ್ಜ ನೆನಪಾಗುವುದು ಇದಕ್ಕೇ. ಪರದೇಶಕ್ಕೆ ಹೋಗದೆ, ಹುಟ್ಟಿದ ತಾಲ್ಲೂಕಿನಲ್ಲೇ, ಪಿಆರ್‌ಗಾಗಿ ಬದುಕಿಡೀ ಕಾದ ಮನುಷ್ಯ ಅವರು. ಅವರ ಇರಾದೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಕೊರತೆಯಿದ್ದದ್ದು ಎದುರಿನವರ ಇರಾದೆಯಲ್ಲಿ.

ಕಳೆದ ವಾರ ಅಮ್ಮನಿಗೆ ಫೋನಿನಲ್ಲಿ ಈ ಕಾಗದದ ವಿಷಯ ಹೇಳಿದೆ. ಅಲ್ಲೇ ಇದ್ದುಬಿಡುತ್ತೀಯಾ ಎಂದು ಕಣ್ಣೀರು ಹಾಕಬಹುದು ಅಂದುಕೊಂಡಿದ್ದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಲ್ಲೇ ಇರ್ತೀನಿ ಅಂತ ನೀ ಅವ್ರಿಗೆ ಬರ್ಕೊಡ್ತೆ, ಸರಿ. ಅವ್ರು ನಿಂಗೆ ಎಂತ ಬರ್ಕೊಡ್ತಾರೆ?"

ಪ್ರಾಂತ್ಯಗಳು, ಕೇಂದ್ರ ಬರೆದುಕೊಡುವುದು ಹೆಚ್ಚೇನಿಲ್ಲ. 2024ರಲ್ಲಿ ಪ್ರಾಂತೀಯ ನಾಮನಿರ್ದೇಶನದ ಮೂಲಕ 1,10,000 ಜನರನ್ನು ಸೇರಿಸಿಕೊಳ್ಳುವುದು ಕೇಂದ್ರದ ಗುರಿಯಾಗಿತ್ತು. ಮನೆ ಬಾಡಿಗೆ ಏರಿದೆ, ಆಸ್ಪತ್ರೆಗಳು ತುಂಬಿವೆ ಎಂಬ ಕೂಗು ಎದ್ದು, ಅದೇ ವರ್ಷ ಅಕ್ಟೋಬರಿನಲ್ಲಿ 2025ರ ಗುರಿಯನ್ನು 55,000ಕ್ಕೆ ಇಳಿಸಿದರು. 2026ಕ್ಕೆ ಮತ್ತೆ 91,500 ಎಂದರು. ನಲ್ಲಿ ತಿರುಗಿಸಿದಷ್ಟೇ ಸುಲಭ. ಸಸ್ಕ್ಯಾಚೆವಾನ್ 2025ರ ಮಾರ್ಚಿನಲ್ಲಿ ಉದ್ಯಮಿಗಳ ವಿಭಾಗವನ್ನೂ, ಹೊಲ ಕೊಂಡು ಬೇಸಾಯ ಮಾಡಲು ಬರುವವರ ವಿಭಾಗವನ್ನೂ ಕಾಯಮ್ಮಾಗಿ ಮುಚ್ಚಿತು. ಬೇಸಾಯಕ್ಕೂ ವಲಸೆಗೂ ಹಾಕಿದ್ದ 1867ರ ಹಗ್ಗ ಆ ಗೋಧಿಯ ನಾಡಿನಲ್ಲಿ ಹಾಗೆ ಸಡಿಲವಾಯಿತು. ಪ್ರಿನ್ಸ್ ಎಡ್ವರ್ಡ್ ದ್ವೀಪ 2024ರಲ್ಲಿ ನಾಮನಿರ್ದೇಶನಗಳನ್ನು ಕಾಲು ಭಾಗ ಕಡಿತ ಮಾಡಿ, ಆರೋಗ್ಯ ಮತ್ತು ಕಟ್ಟಡ ಕೆಲಸದವರಿಗೆ ಆದ್ಯತೆ ಕೊಟ್ಟಿತು. ಅಲ್ಲಿ ಅಂಗಡಿ, ಹೋಟೆಲುಗಳಲ್ಲಿ ದುಡಿಯುತ್ತಿದ್ದ ನೂರಾರು ಯುವಕ ಯುವತಿಯರಿಗೆ ದಿಕ್ಕು ತಪ್ಪಿತು. ಅವರಲ್ಲಿ ಬಹಳಷ್ಟು ಜನ ಭಾರತದವರೇ. ಆ ಮೇ ತಿಂಗಳಲ್ಲಿ ಷಾರ್ಲಟ್‌ಟೌನ್‌ನ ಬೀದಿಯಲ್ಲಿ ಅವರು ಉಪವಾಸ ಕೂತರು. ಉಳಿಯುವ ಇರಾದೆ ಇಲ್ಲದವರು ಉಳಿಯಲು ಬಿಡಿ ಎಂದು ಅನ್ನ ಬಿಡುತ್ತಾರೆಯೇ?

ದೇಶವೊಂದಕ್ಕೆ ಎಷ್ಟು ಜನರನ್ನು ಸೇರಿಸಿಕೊಳ್ಳಬೇಕು ಎಂದು ತೀರ್ಮಾನಿಸುವ ಅಧಿಕಾರ ಇಲ್ಲವೆಂದು ನಾನು ಹೇಳುತ್ತಿಲ್ಲ. ಬಾಡಿಗೆ ನಿಜವಾಗಿಯೂ ಏರಿದೆ; ನನಗೇ ಗೊತ್ತು. ನಾನು ಹೇಳುವುದು ಇಷ್ಟೇ. ಮಾತು ಎಂದರೆ ಎರಡು ಕೈ ಸೇರಬೇಕು. ಒಬ್ಬರು ಬದುಕಿನ ದಿಕ್ಕನ್ನೇ ಬರೆದುಕೊಡುವಾಗ, ಇನ್ನೊಬ್ಬರು ಈ ವರ್ಷದ ಕೋಟಾ ಮಾತ್ರ ಬರೆದುಕೊಡುತ್ತಾರೆ. ಹಾಗಿರುವಾಗ ಅರ್ಜಿದಾರರ ಇರಾದೆಯನ್ನು ಮಾತ್ರ ನೈತಿಕತೆಯ ತಕ್ಕಡಿಯಲ್ಲಿ ಇಡುವುದು ನ್ಯಾಯವಲ್ಲ. ಅದೇ ಕಾರಣಕ್ಕೆ ಸುಳ್ಳು ಬರೆದರೂ ಆದೀತು ಎನ್ನುವ ಟೊರಾಂಟೊದ ಜಾಣತನವೂ ನನಗೆ ಒಗ್ಗುವುದಿಲ್ಲ. ಒಬ್ಬ ಓಡಿಹೋದರೆ ಸಣ್ಣ ಊರು ಮುಂದಿನವನ ಮೇಲೆ ಇನ್ನೊಂದು ಷರತ್ತು ಹಾಕುತ್ತದೆ. ಪ್ರಿನ್ಸ್ ಎಡ್ವರ್ಡ್ ದ್ವೀಪದಿಂದ ಓಡಿದವರು ಠೇವಣಿ ಮಾತ್ರ ಬಿಟ್ಟುಹೋಗಲಿಲ್ಲ, ಅನುಮಾನವನ್ನೂ ಬಿಟ್ಟುಹೋದರು.

ಜನ ಉಳಿಯುವುದು ಷರತ್ತಿನಿಂದಲ್ಲ ಎಂದು ಇಲ್ಲಿ ಐದು ವರ್ಷದಲ್ಲಿ ಕಂಡಿದ್ದೇನೆ. ನನ್ನ ಜೊತೆ ಬಂದವರಲ್ಲಿ ಹೆಂಡತಿಗೋ ಗಂಡನಿಗೋ ಕೆಲಸ ಸಿಕ್ಕವರು ಉಳಿದರು, ಸಿಗದವರು ಹೋದರು. ಫ್ಯಾಮಿಲಿ ಡಾಕ್ಟರ್ ಸಿಕ್ಕವರು ಉಳಿದರು. ಚಳಿಗಾಲದಲ್ಲಿ ಬಸ್ಸು ಬಾರದ ಬಡಾವಣೆಯಲ್ಲಿ ಮನೆ ಹಿಡಿದವರು ಮೊದಲು ಹೋದರು. ನಾಲ್ಕೈದು ಕನ್ನಡದ ಮನೆಗಳು ಸೇರಿ ಯುಗಾದಿಗೆ ಒಬ್ಬಟ್ಟು ಮಾಡಿದ ವರ್ಷ, ಹೋಗುತ್ತೇವೆ ಎನ್ನುತ್ತಿದ್ದ ಒಂದು ಮನೆಯವರು ಇನ್ನೊಂದು ವರ್ಷ ನೋಡೋಣ ಅಂದರು. ಹೀಗೆ ಒಂದೊಂದೇ ವರ್ಷ ನೋಡುತ್ತಾ ಹೋದರೆ ಅದೇ ನೆಲೆಸುವುದು. ಶಾಶ್ವತ ಎಂಬ ಕಾರ್ಡಿಗೂ ಐದು ವರ್ಷದ ಅವಧಿ ಇದೆ. ಆ ಐದು ವರ್ಷದಲ್ಲಿ 730 ದಿನ ದೇಶದೊಳಗೆ ಇರಬೇಕು ಎಂಬ ಲೆಕ್ಕವಿದೆ. ಸರ್ಕಾರಕ್ಕೂ ಗೊತ್ತು, ಶಾಶ್ವತ ಎಂಬುದು ದಿನಗಳ ಮೊತ್ತ ಎಂದು.

ಈ ದಾರಿಗಳ ಬಗ್ಗೆ ಊರಿನಿಂದ ಕೇಳುವ ತಮ್ಮ ತಂಗಿಯರಿಗೆ ಈಚೆಗೆ ನಾನು ಹೇಳುವುದು ಮೂರೇ ಮಾತು. ಅಂಕದ ಲೆಕ್ಕಕ್ಕೆ ಮುಂಚೆ, ಯಾವ ಊರು, ಅಲ್ಲಿಂದ ಈ ಮೊದಲು ಯಾರು ಹೋದರು, ಏಕೆ ಹೋದರು ಎಂದು ಓದಿ. ಯೋಜನೆ ನೀವು ಅರ್ಜಿ ಹಾಕುವ ದಿನ ಇರುವಂತೆ ಮಂಜೂರಾಗುವ ದಿನವೂ ಇರುತ್ತದೆ ಎಂದು ಭಾವಿಸಿ ಮನೆಯ ಸಾಲ ಮಾಡಬೇಡಿ. ಮತ್ತು ಇರಾದೆಯ ಕಾಗದವನ್ನು ಏಜೆಂಟರ ಕೈಲಿ ಬರೆಸಬೇಡಿ; ಅದನ್ನು ಬರೆಯುವಾಗಲೇ ನಿಮಗೆ ನಿಮ್ಮ ಮನಸ್ಸು ತಿಳಿಯುವುದು.

ನನ್ನ ಕಾಗದ ನಿನ್ನೆ ಮುಗಿಯಿತು. ಅದರಲ್ಲಿ ಬೇರು, ಕನಸು, ಎರಡನೇ ತಾಯ್ನಾಡು ಇಂಥ ಮಾತುಗಳಿಲ್ಲ. ಪ್ರಯೋಗಾಲಯದಲ್ಲಿ ಮಾಡಲಿರುವ ಕೆಲಸ ಏನು, ಅದಕ್ಕೆ ಈ ತಣ್ಣೀರಿನ ಕಡಲೇ ಏಕೆ ಬೇಕು, ಬಾಡಿಗೆ ಎಷ್ಟು, ಬಸ್ಸು ಯಾವುದು, ಇಲ್ಲಿ ನನಗೆ ಯಾರು ಯಾರು ಗೊತ್ತು ಎಂದು ಬರೆದೆ. ಕೊನೆಗೆ, ಈ ಪ್ರಾಂತ್ಯದಲ್ಲಿ ವಾಸಿಸುವ ಇರಾದೆ ನನಗಿದೆ ಎಂದು ಒಂದೇ ಸಾಲು. ಇಂದು ಅದು ನಿಜ. ನಾಳೆಯೂ ನಿಜವಾಗಿರಬೇಕಾದರೆ ಅದು ನನ್ನೊಬ್ಬಳ ಕೈಯಲ್ಲಿಲ್ಲ.